ಕೋಡ್ ಕಟ್ಟೆ: ದಣಪೆ ತೆಗೆದವರೇ ಹಾಕಬೇಕು

ಈ ಸಲ ಆರು ಪತ್ರಗಳು ಒಂದೇ ವಿಷಯ ಹಿಡಿದುಕೊಂಡು ಬಂದಿವೆ. ಪ್ರೋಗ್ರಾಂ ನಡೆಯುತ್ತಿರುವಾಗ ನಡುವೆ ಎರರ್ ಬಂದರೆ ಏನಾಗುತ್ತದೆ, ಅದನ್ನು ಎಲ್ಲಿ ಹಿಡಿಯಬೇಕು, ತೆರೆದಿಟ್ಟ ಫೈಲು ಪೋರ್ಟುಗಳನ್ನು ಯಾರು ಮುಚ್ಚಬೇಕು ಅಂತ. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಇಲ್ಲಿನ ಒಂದು ಅಡಿಕೆ ಮಂಡಿಗೆ ಪೈಥಾನ್‌ನಲ್ಲಿ ತೂಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಓದಿ ಬಿಲ್ಲಿಗೆ ಹಾಕುತ್ತದೆ. ದಿನಕ್ಕೆ ಒಂದೆರಡು ಸಲ ಎರರ್ ಬರುತ್ತದೆ, ಅದನ್ನು ಎಕ್ಸೆಪ್ಟ್ ಹಾಕಿ ಹಿಡಿದಿದ್ದೇನೆ. ಆದರೆ ಒಮ್ಮೆ ಎರರ್ ಬಂದರೆ ಆಮೇಲೆ ಪ್ರತಿ ಸಲವೂ ಪೋರ್ಟ್ ತೆರೆಯಲು ಅನುಮತಿ ಇಲ್ಲ ಅಂತಲೇ ಬರುತ್ತದೆ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಸರಿಹೋಗುತ್ತದೆ. ಅಷ್ಟರಲ್ಲಿ ರೈತರು ಸಾಲಿನಲ್ಲಿ ನಿಂತಿರುತ್ತಾರೆ, ಮಂಡಿಯವರು ನನಗೆ ಫೋನ್ ಮಾಡುತ್ತಾರೆ. ಕೋಡ್ ಕಳಿಸಿದ್ದೇನೆ, ದಯವಿಟ್ಟು ನೋಡಿ.
(ಸ್ವಂತವಾಗಿ ಕೆಲಸ ಮಾಡುವ ಪ್ರೋಗ್ರಾಮರ್, ಶಿವಮೊಗ್ಗ)

ಉತ್ತರ: ಪೂರ್ತಿ ಓದಿದೆ. ನಿಮ್ಮ ಫಂಕ್ಷನ್, ಅಂದರೆ ತೂಕ ಓದಲು ಬರೆದ ಸಾಲುಗಳ ಗುಂಪು, ಮೊದಲ ಸಾಲಿನಲ್ಲಿ ಪೋರ್ಟ್ (ಕೇಬಲ್ ಬಂದು ಸೇರುವ ಬಾಗಿಲು) ತೆರೆಯುತ್ತದೆ. ಯಂತ್ರ ಕಳಿಸಿದ್ದನ್ನು ಓದುತ್ತದೆ. ಅದನ್ನು ಸಂಖ್ಯೆ ಮಾಡುತ್ತದೆ. ಕೊನೆಯ ಸಾಲಿನಲ್ಲಿ ಪೋರ್ಟ್ ಮುಚ್ಚುತ್ತದೆ. ಯಂತ್ರ 65.20 ಅಂತ ಕಳಿಸಿದಾಗ ಎಲ್ಲ ಸರಿ. ಕೇಬಲ್ ಅಲ್ಲಾಡಿಯೋ, ಪಕ್ಕದಲ್ಲಿ ಮೋಟಾರ್ ಶುರುವಾಗಿಯೋ 6?.2 ಅನ್ನುವಂಥ ಕಸ ಬಂದಾಗ, ಸಂಖ್ಯೆ ಮಾಡುವ ಸಾಲಿನಲ್ಲೇ ಎಕ್ಸೆಪ್ಶನ್ ಏಳುತ್ತದೆ. ಅಲ್ಲಿಗೆ ಆ ಫಂಕ್ಷನ್ ಮುಗಿಯಿತು. ಮುಚ್ಚುವ ಸಾಲು ಇನ್ನೂ ಕೆಳಗಿದೆ, ಪ್ರೋಗ್ರಾಂ ಅಲ್ಲಿಗೆ ಹೋಗುವುದೇ ಇಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ವರ್ಷ ಕೋಡ್ ಬರೆದವರೂ ಇಲ್ಲಿ ಎಡವುವುದನ್ನು ನೋಡಿದ್ದೇನೆ. ಎಕ್ಸೆಪ್ಶನ್ ಅಂದರೆ ಬರೀ ಕೆಂಪು ಅಕ್ಷರದ ಸಂದೇಶ ಅಲ್ಲ. ಅದು ಫಂಕ್ಷನ್‌ನಿಂದ ಹೊರಗೆ ಹೋಗುವ ಇನ್ನೊಂದು ದಾರಿ. ಮಾಮೂಲಿಯಾಗಿ ಫಂಕ್ಷನ್ ಕೊನೆಯ ಸಾಲು ಮುಗಿಸಿಯೋ ರಿಟರ್ನ್ ಮಾಡಿಯೋ ಹೊರಗೆ ಬರುತ್ತದೆ. ಎಕ್ಸೆಪ್ಶನ್ ಎದ್ದರೆ ಎದ್ದ ಜಾಗದಿಂದಲೇ ಹೊರಟುಬಿಡುತ್ತದೆ, ಕರೆದ ಫಂಕ್ಷನ್‌ನಲ್ಲಿ ಹಿಡಿಯುವವರು ಇದ್ದಾರಾ ಅಂತ ನೋಡುತ್ತದೆ, ಇಲ್ಲದಿದ್ದರೆ ಅದರಿಂದಲೂ ಹೊರಗೆ, ಅದನ್ನು ಕರೆದವರ ಹತ್ತಿರ, ಹೀಗೆ ಯಾರಾದರೂ ಹಿಡಿಯುವವರೆಗೆ ಒಂದೊಂದೇ ಮೆಟ್ಟಿಲು ಮೇಲಕ್ಕೆ. ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ. ಈ ದಾರಿಯಲ್ಲಿ ಹಿಂದೆ ಬಿಟ್ಟುಬಂದ ಸಾಲುಗಳು ಒಂದೂ ನಡೆಯುವುದಿಲ್ಲ.

ನಮ್ಮ ಕಡೆ ತೋಟಕ್ಕೆ ಇಳಿಯುವಲ್ಲಿ ದಣಪೆ, ಅಡ್ಡ ಗಳ ಹಾಕಿದ ಬೇಲಿಬಾಗಿಲು, ಇರುತ್ತದಲ್ಲ, ಗಳ ಸರಿಸಿ ಒಳಗೆ ಹೋಗುತ್ತೀರಿ, ವಾಪಸ್ ಬರುವಾಗ ಹಾಕಿದರಾಯಿತು ಅಂದುಕೊಂಡು ತೆಗೆದೇ ಬಿಟ್ಟಿರುತ್ತೀರಿ. ಅಷ್ಟರಲ್ಲಿ ಮನೆಯಿಂದ ಯಾರೋ ಕೂಗಿದರು, ಗಾಬರಿಯಲ್ಲಿ ಕಾಲುವೆ ಹಾರಿ ಅಡ್ಡದಾರಿಯಲ್ಲಿ ಓಡಿಬಂದಿರಿ. ದಣಪೆ ತೆಗೆದೇ ಇದೆ. ದನ ನುಗ್ಗಿದ ಮೇಲೆ ಕೂಗಿದವರನ್ನು ಬೈದು ಏನು ಪ್ರಯೋಜನ? ಎಕ್ಸೆಪ್ಟ್ ಹಾಕಿದ್ದೇನಲ್ಲ ಅಂತ ನೀವು ಬರೆದಿದ್ದೀರಿ. ಅದು ಓಡಿಬಂದವರನ್ನು ಅಂಗಳದಲ್ಲಿ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ದಣಪೆಗೂ ಅದಕ್ಕೂ ಸಂಬಂಧ ಇಲ್ಲ.

ಯಾವ ದಾರಿಯಲ್ಲಿ ಹೊರಗೆ ಬಂದರೂ ನಡೆಯುವ ಜಾಗ ಒಂದಿದೆ, ಅದೇ ಫೈನಲಿ. ಎರರ್ ಬರಬಹುದಾದ ಸಾಲುಗಳು ಅದರ ಮೇಲಿನ ಟ್ರೈ ಒಳಗೆ ಇರುತ್ತವೆ. ಕೋಡನ್ನು ಕನ್ನಡದಲ್ಲೇ ಬರೆಯುತ್ತೇನೆ:

ಪೋರ್ಟ್ ತೆರೆ
ಟ್ರೈ:
    ಒಂದು ಸಾಲು ಓದು
    ಸಂಖ್ಯೆ ಮಾಡು
    ಅದನ್ನು ರಿಟರ್ನ್ ಮಾಡು
ಫೈನಲಿ:
    ಪೋರ್ಟ್ ಮುಚ್ಚು

ತೂಕ ಸರಿಯಾಗಿ ಬಂದು ರಿಟರ್ನ್ ಆದರೂ ಹೊರಗೆ ಹೋಗುವ ಮುಂಚೆ ಫೈನಲಿ ನಡೆಯುತ್ತದೆ. ಎಕ್ಸೆಪ್ಶನ್ ಎದ್ದರೂ ಮೊದಲು ಫೈನಲಿ ನಡೆದು, ಆಮೇಲೆ ಎಕ್ಸೆಪ್ಶನ್ ಮೇಲಕ್ಕೆ ಹೋಗುತ್ತದೆ. ಇಲ್ಲಿ ಎಕ್ಸೆಪ್ಟ್ ಇಲ್ಲವೇ ಇಲ್ಲ ಅನ್ನುವುದನ್ನು ಗಮನಿಸಿ. ಹಿಡಿಯುವುದು ಬೇರೆ, ಸ್ವಚ್ಛ ಮಾಡುವುದು ಬೇರೆ. ಈ ಫಂಕ್ಷನ್ ಪೋರ್ಟ್ ತೆರೆದಿದೆ, ಆದ್ದರಿಂದ ಮುಚ್ಚುವ ಹೊಣೆ ಇದರದ್ದು. ಎರರ್ ಬಂದರೆ ಮುಂದೇನು ಅಂತ ತೀರ್ಮಾನ ಮಾಡಬೇಕಾದವರು ಇದನ್ನು ಕರೆದವರು.

ತೆರೆಯುವ ಸಾಲು ಟ್ರೈ ಮೇಲೆ ಇದೆ, ಒಳಗಲ್ಲ. ಅದು ಬೇಕಂತಲೇ ಹಾಗಿದೆ. ತೆರೆಯುವುದೇ ಆಗದಿದ್ದರೆ ಮುಚ್ಚಲು ಏನೂ ಇಲ್ಲ. ಒಳಗೆ ಇಟ್ಟರೆ ಏನಾಗುತ್ತದೆ ಗೊತ್ತಾ? ತೆರೆಯುವಾಗ ಎರರ್ ಬಂದು, ಫೈನಲಿ ಹೋಗಿ ಇನ್ನೂ ಹುಟ್ಟದ ವೇರಿಯಬಲ್ ಅನ್ನು ಮುಚ್ಚಲು ನೋಡಿ, ಅಲ್ಲೊಂದು ಹೊಸ ಎರರ್ ಏಳುತ್ತದೆ, ನಿಮ್ಮ ಕಣ್ಣು ಆ ಎರಡನೆಯದರ ಮೇಲೆ ಹೋಗುತ್ತದೆ. ಇಷ್ಟೆಲ್ಲ ನೆನಪಿಡುವುದು ಕಷ್ಟ ಅಂತಲೇ ಪೈಥಾನ್‌ನಲ್ಲಿ ವಿತ್ ಇದೆ, 2006ರಲ್ಲಿ 2.5ನೇ ಆವೃತ್ತಿಯ ಜೊತೆ ಬಂದದ್ದು. ವಿತ್ ಹಾಕಿ ತೆರೆದರೆ ಮುಚ್ಚುವ ಕೆಲಸ ಅದೇ ನೋಡಿಕೊಳ್ಳುತ್ತದೆ. ನಿಮ್ಮ ಕೋಡ್‌ನಲ್ಲಿ ಅದನ್ನೇ ಬಳಸಿ.

ಹಾಗಾದರೆ ಪೈಥಾನ್ ಬೇಡದ ವಸ್ತುಗಳನ್ನು ತಾನೇ ತೆಗೆದುಹಾಕುತ್ತದಲ್ಲ, ಪೋರ್ಟ್ ತಾನಾಗಿ ಮುಚ್ಚಿಕೊಳ್ಳಬೇಕಿತ್ತಲ್ಲ ಅಂತ ನೀವು ಕೇಳಬಹುದು. ಬಹಳ ಸಲ ಹಾಗೇ ಆಗುತ್ತದೆ, ಅದಕ್ಕೇ ಎಷ್ಟೋ ಜನರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ಆಗದಿರುವುದಕ್ಕೆ ಕಾರಣ ಬೇರೆ ಕಡೆ ಸಿಕ್ಕಿತು. ಸಂಜೆ ನೋಡೋಣ ಅಂತ ಬಂದ ಎಕ್ಸೆಪ್ಶನ್‌ಗಳನ್ನೆಲ್ಲ ಒಂದು ಲಿಸ್ಟ್‌ಗೆ ಸೇರಿಸಿದ್ದೀರಿ. ಪೈಥಾನ್ 3ರಲ್ಲಿ ಎಕ್ಸೆಪ್ಶನ್ ತನ್ನ ಟ್ರೇಸ್‌ಬ್ಯಾಕನ್ನು, ಅಂದರೆ ಯಾವ ಸಾಲಿನಲ್ಲಿ ಎದ್ದು ಯಾವ ದಾರಿಯಲ್ಲಿ ಬಂತು ಅನ್ನುವ ದಾಖಲೆಯನ್ನು, ಹೊತ್ತುಕೊಂಡೇ ಇರುತ್ತದೆ. ಟ್ರೇಸ್‌ಬ್ಯಾಕ್ ಆ ಫಂಕ್ಷನ್‌ನ ಫ್ರೇಮನ್ನು (ಆ ಓಟಕ್ಕೆ ಮೆಮೊರಿಯಲ್ಲಿ ಕೊಟ್ಟ ಜಾಗ) ಹಿಡಿದಿರುತ್ತದೆ, ಫ್ರೇಮ್ ಅದರ ಒಳಗಿನ ವೇರಿಯಬಲ್‌ಗಳನ್ನು, ಅದರಲ್ಲಿ ನಿಮ್ಮ ಪೋರ್ಟೂ ಒಂದು. ಲಿಸ್ಟ್‌ನಲ್ಲಿ ಎಕ್ಸೆಪ್ಶನ್ ಇರುವಷ್ಟು ಹೊತ್ತೂ ಪೋರ್ಟ್ ತೆರೆದೇ ಇರುತ್ತದೆ. ಎಕ್ಸೆಪ್ಟ್ ಬ್ಲಾಕ್ ಮುಗಿದ ಕೂಡಲೇ ಎಕ್ಸೆಪ್ಶನ್‌ಗೆ ಕೊಟ್ಟ ಹೆಸರನ್ನು ಪೈಥಾನ್ ಅಳಿಸಿಹಾಕುವುದು ಇದೇ ಕಾರಣಕ್ಕೆ. ಲಿಸ್ಟ್‌ಗೆ ಸಂದೇಶದ ಅಕ್ಷರ ಮಾತ್ರ ಹಾಕಿ. ಇನ್ನೂ ಒಳ್ಳೆಯದು ಅಂದರೆ ಲಾಗ್ ಫೈಲ್‌ಗೆ ಬರೆಯಿರಿ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ. ಎರರ್ ಬಂದಾಗ ತೂಕದ ವೇರಿಯಬಲ್‌ನಲ್ಲಿ ಹಿಂದಿನ ಚೀಲದ ತೂಕ ಹಾಗೇ ಉಳಿದಿರುತ್ತದೆ. ಪರದೆಯ ಮೇಲೂ ಅದೇ ಕಾಣುತ್ತದೆ. ಗಡಿಬಿಡಿಯಲ್ಲಿ ಬಿಲ್ಲಿನ ಗುಂಡಿ ಒತ್ತಿದರೆ ಒಬ್ಬರ ಅಡಿಕೆ ಚೀಲಕ್ಕೆ ಇನ್ನೊಬ್ಬರ ಚೀಲದ ತೂಕ ಬೀಳುತ್ತದೆ. ರಾಶಿಯೋ ಬೆಟ್ಟೆಯೋ ಸರಕೋ, ಒಂದೆರಡು ಕಿಲೋ ಆಚೀಚೆ ಆದರೂ ರೈತರ ದುಡ್ಡು ಅದು. ಓದುವ ಮುಂಚೆಯೇ ತೂಕವನ್ನು ಖಾಲಿ ಮಾಡಿ. ಕಸ ಬಂದರೆ ಎರಡು ಮೂರು ಸಲ ಮತ್ತೆ ಓದಿ. ಆಗಲೂ ಬಾರದಿದ್ದರೆ ತೂಕ ಬಂದಿಲ್ಲ, ಇನ್ನೊಮ್ಮೆ ಇಡಿ ಅಂತ ದೊಡ್ಡ ಅಕ್ಷರದಲ್ಲಿ ತೋರಿಸಿ, ಬಿಲ್ಲಿನ ಗುಂಡಿಯನ್ನು ಬಂದ್ ಮಾಡಿ. ಸೊನ್ನೆಯನ್ನಂತೂ ಹಾಕಲೇಬೇಡಿ. ಪೋರ್ಟ್ ವಿಷಯ ನಾಳೆ ಮಾಡಿದರೂ ನಡೆಯುತ್ತದೆ, ಇದನ್ನು ಇವತ್ತೇ ಮಾಡಿ. ಹಳೆಯ ಬಿಲ್ಲುಗಳಲ್ಲಿ ಪಕ್ಕಪಕ್ಕದ ಎರಡು ಚೀಲಕ್ಕೆ ಗ್ರಾಂ ಲೆಕ್ಕದಲ್ಲೂ ಒಂದೇ ತೂಕ ಬಿದ್ದಿದೆಯಾ ಅಂತ ಮಂಡಿಯವರ ಜೊತೆ ಕೂತು ನೋಡಿ.

ಪ್ರಶ್ನೆ: ಅಕ್ಕಾ, ಪ್ರತಿ ಫಂಕ್ಷನ್‌ಗೂ ಟ್ರೈ ಕ್ಯಾಚ್ ಇರಲೇಬೇಕು, ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ ಅಂತ ನಮ್ಮ ಪ್ರಾಜೆಕ್ಟ್ ಗೈಡ್ ಹೇಳಿದ್ದಾರೆ. ಎಲ್ಲಾ ಕಡೆ ಹಾಕಿದ್ದೇನೆ. ಈಗ ಪ್ರೋಗ್ರಾಂ ಕ್ರ್ಯಾಶ್ ಆಗುವುದೇ ಇಲ್ಲ, ಆದರೆ ತಪ್ಪು ಉತ್ತರ ಕೊಡುತ್ತದೆ. ಎಲ್ಲಿ ತಪ್ಪಿದೆ ಅಂತ ಹುಡುಕಲೂ ಆಗುತ್ತಿಲ್ಲ.
(ಕೊನೆಯ ವರ್ಷದ ವಿದ್ಯಾರ್ಥಿನಿ, ಸಾಗರ)

ಉತ್ತರ: ನಿಮ್ಮ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ಅದೇ ತಪ್ಪನ್ನು ನಾನು ಸಂಬಳ ತೆಗೆದುಕೊಂಡು ಮಾಡಿದ್ದೇನೆ. (ಪೈಥಾನ್‌ನ ಎಕ್ಸೆಪ್ಟ್‌ಗೇ ಬೇರೆ ಎಷ್ಟೋ ಭಾಷೆಗಳಲ್ಲಿ ಕ್ಯಾಚ್ ಅನ್ನುತ್ತಾರೆ.)

ಮೊದಲ ಕೆಲಸದಲ್ಲಿ ನನಗೆ ಒಂದು ರಾತ್ರಿ ಪ್ರೋಗ್ರಾಂ ಕೊಟ್ಟಿದ್ದರು. ಇನ್ನೊಂದು ಕಡೆಯಿಂದ ಬರುವ ಫೈಲ್ ಓದಿ, ಸಾಲು ಸಾಲಾಗಿ ಡೇಟಾಬೇಸ್‌ಗೆ ಹಾಕುವುದು. ಒಂದು ಸಾಲು ಕೆಟ್ಟರೆ ಉಳಿದವು ನಿಲ್ಲಬಾರದು ಅಂತ ಲೂಪ್ ಒಳಗೆ ಟ್ರೈ ಹಾಕಿ, ಕ್ಯಾಚ್ ಅನ್ನು ಖಾಲಿ ಬಿಟ್ಟೆ. ತಿಂಗಳುಗಟ್ಟಲೆ ನಡೆಯಿತು. ಒಂದು ದಿನ ಆ ಕಡೆಯವರು ತಾರೀಖು ಬರೆಯುವ ಕ್ರಮ ಬದಲಿಸಿದರು, ದಿನ ಮೊದಲು ತಿಂಗಳು ಆಮೇಲೆ ಇದ್ದದ್ದು ತಿರುಗಿತು. 13ರಿಂದ ಮುಂದಿನ ತಾರೀಖುಗಳು ಓದಲು ಆಗದೆ ಎಕ್ಸೆಪ್ಶನ್ ಎದ್ದವು, ಖಾಲಿ ಕ್ಯಾಚ್ ಅವನ್ನು ನುಂಗಿತು, ಆ ಸಾಲುಗಳು ಹೋದವು. 12ರವರೆಗಿನವು ಎರರ್ ಇಲ್ಲದೇ ತಪ್ಪು ತಿಂಗಳಿಗೆ ಹೋಗಿ ಕೂತವು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಲೆಕ್ಕದ ವಿಭಾಗದವರು ತಾಳೆ ನೋಡುವಾಗ ಸಿಕ್ಕಿತು. ಅದನ್ನೆಲ್ಲ ಕೈಯಲ್ಲಿ ಸರಿಪಡಿಸಿದ ಆ ದಿನಗಳು ಇನ್ನೂ ನೆನಪಿವೆ. ಕ್ಯಾಚ್ ಇರದೇ ಇದ್ದಿದ್ದರೆ ಮೊದಲ ರಾತ್ರಿಯೇ ಪ್ರೋಗ್ರಾಂ ನಿಂತು, ಬೆಳಿಗ್ಗೆ ಯಾರಾದರೂ ನೋಡುತ್ತಿದ್ದರು.

ಆವತ್ತಿನಿಂದ ಕ್ಯಾಚ್ ಬರೆಯುವ ಮುಂಚೆ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ಈ ಎರರ್ ಬಂದರೆ ಇಲ್ಲಿ, ಈ ಜಾಗದಲ್ಲಿ, ನಾನು ಏನು ಮಾಡಬಲ್ಲೆ? ನೆಟ್‌ವರ್ಕ್ ಕಡಿದುಹೋದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಬಹುದು. ಸೆಟ್ಟಿಂಗ್ಸ್ ಫೈಲ್ ಇಲ್ಲದಿದ್ದರೆ ಮಾಮೂಲಿ ಸೆಟ್ಟಿಂಗ್ಸ್ ಹಿಡಿದು ಮುಂದೆ ಹೋಗಬಹುದು. ಬಳಸುವವರು ತಪ್ಪು ಟೈಪ್ ಮಾಡಿದ್ದರೆ ಅವರಿಗೇ ತೋರಿಸಿ ತಿದ್ದಿಸಬಹುದು. ಯಾವ ಫೈಲಿನ ಎಷ್ಟನೇ ಸಾಲು ಅನ್ನುವ ವಿವರ ಸೇರಿಸಿ ಮತ್ತೆ ಮೇಲಕ್ಕೆ ಎಸೆಯಬಹುದು. ಇದ್ಯಾವುದೂ ಆಗದಿದ್ದರೆ ಅಲ್ಲಿ ಕ್ಯಾಚ್ ಬೇಡ. ಸುಮ್ನೆ ಬಿಡಿ, ಮೇಲೆ ಹೋಗಲಿ.

ನಿಮ್ಮ ಕೋಡ್‌ನಲ್ಲಿ ಡೇಟಾಬೇಸ್ ಓದುವ ಫಂಕ್ಷನ್ ಎರರ್ ಬಂದಾಗ ಖಾಲಿ ಲಿಸ್ಟ್ ಕೊಡುತ್ತದೆ. ಕರೆದವರಿಗೆ ಡೇಟಾ ಇಲ್ಲ ಅನ್ನುವುದಕ್ಕೂ ಡೇಟಾಬೇಸ್ ಸಿಗಲಿಲ್ಲ ಅನ್ನುವುದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ತಪ್ಪು ಉತ್ತರ ಹುಟ್ಟುವುದು ಅಲ್ಲೇ. ಪೈಥಾನ್ ಆದ್ದರಿಂದ ಇನ್ನೊಂದು ಮಾತು: ಯಾವ ಹೆಸರೂ ಇಲ್ಲದ ಬರೀ ಎಕ್ಸೆಪ್ಟ್ ಹಾಕಬೇಡಿ. ಅದು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದ್ದನ್ನೂ ಹಿಡಿದುಬಿಡುತ್ತದೆ, ಪ್ರೋಗ್ರಾಂ ನಿಲ್ಲಿಸಲೂ ಆಗುವುದಿಲ್ಲ. ಯಾವ ಎರರ್ ನಿರೀಕ್ಷಿಸುತ್ತೀರೋ ಅದರ ಹೆಸರು ಬರೆಯಿರಿ.

ಎಲ್ಲವನ್ನೂ ಹಿಡಿಯುವ ಕ್ಯಾಚ್ ಒಂದೇ ಒಂದು ಇರಲಿ, ಪ್ರೋಗ್ರಾಂನ ತುತ್ತತುದಿಯಲ್ಲಿ. ಅಲ್ಲಿ ಟ್ರೇಸ್‌ಬ್ಯಾಕ್ ಸಮೇತ ಲಾಗ್‌ಗೆ ಬರೆದು, ಬಳಸುವವರಿಗೆ ಒಂದು ಮಾತು ಹೇಳಿ, ಮರ್ಯಾದೆಯಿಂದ ನಿಲ್ಲಲಿ. ನಿಮ್ಮ ಗೈಡ್‌ಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ. ಡೇಟಾಬೇಸ್ ನಿಲ್ಲಿಸಿ ಹಳೆಯದನ್ನೂ ಹೊಸದನ್ನೂ ಅವರೆದುರು ಓಡಿಸಿ. ಯಾವುದು ನಿಜ ಹೇಳುತ್ತದೆ ಅಂತ ಅವರಿಗೇ ಕಾಣುತ್ತದೆ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಟ್ರೈ ಒಳಗೆ ರಿಟರ್ನ್ 10, ಫೈನಲಿ ಒಳಗೆ ರಿಟರ್ನ್ 20 ಇದ್ದರೆ ಏನು ಬರುತ್ತದೆ ಅಂತ ಕೇಳಿದರು. 10 ಅಂದೆ, ತಪ್ಪು ಅಂದರು. ಯಾಕೆ?
(ಕೆಲಸ ಹುಡುಕುತ್ತಿರುವವರು, ಭದ್ರಾವತಿ)

ಉತ್ತರ: 20 ಬರುತ್ತದೆ, ಜಾವಾದಲ್ಲೂ ಪೈಥಾನ್‌ನಲ್ಲೂ. ಟ್ರೈನಲ್ಲಿ ರಿಟರ್ನ್ ಸಿಕ್ಕಾಗ 10 ಅನ್ನುವ ಬೆಲೆ ತೆಗೆದಿಟ್ಟುಕೊಂಡು, ಹೊರಡುವ ಮುಂಚೆ ಫೈನಲಿ ನಡೆಯುತ್ತದೆ. ಅಲ್ಲಿ ಇನ್ನೊಂದು ರಿಟರ್ನ್ ಸಿಕ್ಕಿತು, ಮೊದಲಿನದು ಬಿತ್ತು. ಟ್ರೈನಲ್ಲಿ 10 ಇರುವ ಒಂದು ವೇರಿಯಬಲ್ ಅನ್ನು ರಿಟರ್ನ್ ಮಾಡಿ, ಫೈನಲಿಯಲ್ಲಿ ರಿಟರ್ನ್ ಬದಲು ಆ ವೇರಿಯಬಲ್‌ಗೆ 20 ಅಂತ ಹಾಕಿದ್ದರೆ 10 ಬರುತ್ತಿತ್ತು, ಯಾಕೆಂದರೆ ಬೆಲೆ ಆಗಲೇ ತೆಗೆದಿಟ್ಟಾಗಿದೆ.

ಅವರು ಕೇಳಬೇಕಿದ್ದ ಪ್ರಶ್ನೆ ಇದರ ಮುಂದಿನದು. ಟ್ರೈನಲ್ಲಿ ಎಕ್ಸೆಪ್ಶನ್ ಎದ್ದು ಫೈನಲಿಯಲ್ಲಿ ರಿಟರ್ನ್ 20 ಇದ್ದರೆ? ಆಗಲೂ 20 ಬರುತ್ತದೆ, ಎಕ್ಸೆಪ್ಶನ್ ಸದ್ದಿಲ್ಲದೆ ಮಾಯ. ಸಾಗರದ ಹುಡುಗಿಗೆ ಹೇಳಿದ ಖಾಲಿ ಕ್ಯಾಚ್ ಇನ್ನೊಂದು ವೇಷದಲ್ಲಿ ಬಂದ ಹಾಗೆ. ಸಿ ಶಾರ್ಪ್ ಇದನ್ನು ಬರೆಯಲು ಬಿಡುವುದೇ ಇಲ್ಲ, ಕಂಪೈಲ್ ಆಗುವುದಿಲ್ಲ. ಪೈಥಾನ್ 2025ರಲ್ಲಿ ಬಂದ 3.14ನೇ ಆವೃತ್ತಿಯಿಂದ ಎಚ್ಚರಿಕೆ ಕೊಡುತ್ತದೆ. ಫೈನಲಿಯಲ್ಲಿ ರಿಟರ್ನ್ ಬರೆಯಲೇಬೇಡಿ.

ಪ್ರಶ್ನೆ: ಸಿ ಪ್ಲಸ್ ಪ್ಲಸ್‌ನಲ್ಲಿ ಫೈನಲಿ ಇಲ್ಲವಲ್ಲ, ಯಾಕೆ? ಈಗ ಆಫೀಸಿನಲ್ಲಿ ಗೋ ಭಾಷೆ ಕಲಿಯಿರಿ ಅನ್ನುತ್ತಿದ್ದಾರೆ, ಅದರಲ್ಲಿ ಟ್ರೈ ಕ್ಯಾಚೂ ಇಲ್ಲ!
(ಊರು ಕೊಪ್ಪ, ಕೆಲಸ ಬೆಂಗಳೂರು)

ಉತ್ತರ: ಸಿ ಪ್ಲಸ್ ಪ್ಲಸ್‌ನಲ್ಲಿ ಆ ಕೆಲಸವನ್ನು ಡಿಸ್ಟ್ರಕ್ಟರ್ ಮಾಡುತ್ತದೆ. ಆ ಭಾಷೆ ಕಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ವಿಚಾರ ಇದು: ಫೈಲೋ ಲಾಕೋ ಏನೇ ಇರಲಿ, ಅದನ್ನು ಒಂದು ಆಬ್ಜೆಕ್ಟ್‌ನ ಕೈಗೆ ಕೊಡಿ, ಆ ಆಬ್ಜೆಕ್ಟ್ ಬ್ಲಾಕ್‌ನಿಂದ ಹೊರಗೆ ಬಿದ್ದಾಗ ಡಿಸ್ಟ್ರಕ್ಟರ್ ತಾನಾಗಿ ನಡೆದು ಮುಚ್ಚುತ್ತದೆ. ಎಕ್ಸೆಪ್ಶನ್ ಮೇಲಕ್ಕೆ ಹೋಗುವಾಗಲೂ ದಾರಿಯಲ್ಲಿ ಸಿಕ್ಕ ಪ್ರತಿ ಆಬ್ಜೆಕ್ಟ್‌ನ ಡಿಸ್ಟ್ರಕ್ಟರ್ ನಡೆಯುತ್ತದೆ, ಕೊನೆಗೆ ಹುಟ್ಟಿದ್ದು ಮೊದಲು. ನನಗೆ ಇದು ಫೈನಲಿಗಿಂತ ಇಷ್ಟ. ಫೈನಲಿಯನ್ನು ಬಳಸುವ ಪ್ರತಿಯೊಬ್ಬರೂ ಪ್ರತಿ ಸಲವೂ ನೆನಪಿಟ್ಟು ಬರೆಯಬೇಕು. ಡಿಸ್ಟ್ರಕ್ಟರ್ ಒಮ್ಮೆ ಬರೆದರೆ ಸಾಕು. ಒಂದು ಎಚ್ಚರ ಇರಲಿ: ಡಿಸ್ಟ್ರಕ್ಟರ್ ಒಳಗಿನಿಂದ ಎಕ್ಸೆಪ್ಶನ್ ಹೊರಗೆ ಬಿಡಬಾರದು. ಆಗಲೇ ಒಂದು ಎಕ್ಸೆಪ್ಶನ್ ಮೇಲೆ ಹೋಗುತ್ತಿರುವಾಗ ಇನ್ನೊಂದು ಹೊರಬಿದ್ದರೆ ಇಡೀ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ.

ಮುಚ್ಚುವಾಗಲೇ ಎರರ್ ಬಂದರೆ ಅನ್ನುವ ಈ ತಲೆನೋವು ಎಲ್ಲ ಭಾಷೆಯಲ್ಲೂ ಇದೆ. ಜಾವಾದಲ್ಲಿ ಹಳೆಯ ರೀತಿಯ ಫೈನಲಿ ಬರೆದರೆ, ಮುಚ್ಚುವಾಗ ಬಂದ ಎರರ್ ನಿಜವಾದ ಮೊದಲ ಎರರನ್ನು ತಳ್ಳಿ ತಾನು ಹೊರಗೆ ಬರುತ್ತದೆ. 2011ರಲ್ಲಿ ಜಾವಾ 7 ಜೊತೆ ಬಂದ ಹೊಸ ಟ್ರೈ ರೂಪದಲ್ಲಿ ಇದನ್ನು ಸರಿಮಾಡಿದರು. ಮೊದಲಿನದೇ ಹೊರಗೆ ಬರುತ್ತದೆ, ಎರಡನೆಯದು ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ.

ಗೋದಲ್ಲಿ ಎರರ್ ಅನ್ನುವುದು ಫಂಕ್ಷನ್ ಕೊಡುವ ಇನ್ನೊಂದು ಬೆಲೆ, ಪ್ರತಿ ಸಲ ನೀವೇ ನೋಡಬೇಕು. ಸ್ವಚ್ಛ ಮಾಡಲು ಡಿಫರ್ ಇದೆ: ಫೈಲ್ ತೆರೆದು, ಎರರ್ ಇಲ್ಲ ಅಂತ ನೋಡಿ, ಮರುಸಾಲಿನಲ್ಲೇ ಇದನ್ನು ಆಮೇಲೆ ಮುಚ್ಚು ಅಂತ ಬರೆದಿಡುವುದು. ತೆರೆಯುವುದೂ ಮುಚ್ಚುವುದೂ ಅಕ್ಕಪಕ್ಕ ಇರುವುದರಿಂದ ಓದಲು ಚಂದ. ಆದರೆ ಡಿಫರ್ ನಡೆಯುವುದು ಫಂಕ್ಷನ್ ಮುಗಿದಾಗ, ಲೂಪ್‌ನ ಒಂದು ಸುತ್ತು ಮುಗಿದಾಗ ಅಲ್ಲ. ಲೂಪ್ ಒಳಗೆ ಐದು ಸಾವಿರ ಫೈಲ್ ತೆರೆದು ಡಿಫರ್ ಹಾಕಿದರೆ ಕೊನೆಯವರೆಗೂ ಒಂದೂ ಮುಚ್ಚುವುದಿಲ್ಲ, ಒಂದು ಪ್ರೋಗ್ರಾಂ ಒಟ್ಟಿಗೆ ಎಷ್ಟು ಫೈಲ್ ತೆರೆದಿಡಬಹುದು ಅನ್ನುವುದಕ್ಕೆ ಲಿನಕ್ಸ್‌ನಲ್ಲಿ ಮಿತಿ ಇದೆ. ಲೂಪ್ ಒಳಗಿನದನ್ನು ಬೇರೆ ಫಂಕ್ಷನ್ ಮಾಡಿ.

ಪ್ರಶ್ನೆ: ನಾನು ಕಂಪ್ಯೂಟರ್ ಕಲಿತವನಲ್ಲ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಎಕ್ಸೆಪ್ಶನ್ ಬಂತು ಅಂತ ನಡುರಾತ್ರಿ ಎದ್ದು ಕೂರುತ್ತಾಳೆ. ಒಂದು ಎಕ್ಸೆಪ್ಶನ್‌ನಿಂದ ಅಂಥದ್ದೇನಾಗುತ್ತದೆ ಅಮ್ಮಾ?
(ಅಡಿಕೆ ಬೆಳೆಗಾರರು, ಹೊಸನಗರ)

ಉತ್ತರ: ನಮಸ್ಕಾರ. ನೀವು ಈ ಪುಟ ಓದುತ್ತೀರಿ ಅನ್ನುವುದೇ ನನಗೆ ತುಂಬಾ ಖುಷಿ. ಒಂದು ನಿಜವಾದ ಘಟನೆ ಹೇಳುತ್ತೇನೆ.

1996ರ ಜೂನ್ 4ರಂದು ಯುರೋಪಿನವರು ಏರಿಯಾನ್ 5 ಅನ್ನುವ ಹೊಸ ರಾಕೆಟ್ಟನ್ನು ಮೊದಲ ಸಲ ಹಾರಿಸಿದರು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ. ಒಂದು ನಿಮಿಷವೂ ಆಗಿರಲಿಲ್ಲ, ದಾರಿ ತಪ್ಪಿ ತಿರುಗಿ, ಒಡೆದು ಚೂರಾಯಿತು. ನಾಲ್ಕು ಉಪಗ್ರಹಗಳೂ ಅದರ ಜೊತೆ ಹೋದವು. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯಲ್ಲಿ ತನಿಖೆ ನಡೆಯಿತು. ಸಿಕ್ಕ ಕಾರಣ ಒಂದು ಎಕ್ಸೆಪ್ಶನ್.

ರಾಕೆಟ್ ಯಾವ ಕಡೆ ಹೋಗುತ್ತಿದೆ ಅಂತ ಅಳೆಯುವ ಯಂತ್ರದಲ್ಲಿ ಒಂದು ದೊಡ್ಡ ಸಂಖ್ಯೆಯನ್ನು ಚಿಕ್ಕ ಜಾಗಕ್ಕೆ ಹಾಕುವ ಸಾಲು ಇತ್ತು. ಆ ಜಾಗದಲ್ಲಿ 32,767ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ಹಿಂದಿನ ಏರಿಯಾನ್ 4ರಲ್ಲಿ ಅಷ್ಟು ದೊಡ್ಡದು ಬರುತ್ತಲೇ ಇರಲಿಲ್ಲ. ಹೊಸ ರಾಕೆಟ್ ಜಾಸ್ತಿ ವೇಗದ್ದು, ಸಂಖ್ಯೆ ಮೀರಿತು, ಎಕ್ಸೆಪ್ಶನ್ ಎದ್ದಿತು. ಇಂಥ ಅಪಾಯದ ಏಳು ಸಂಖ್ಯೆಗಳನ್ನು ಅವರು ಮೊದಲೇ ಗುರುತಿಸಿದ್ದರು. ಕಂಪ್ಯೂಟರ್‌ಗೆ ಹೊರೆ ಜಾಸ್ತಿಯಾಗಬಾರದು ಅಂತ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಇದು ಉಳಿದ ಮೂರರಲ್ಲಿ ಒಂದು. ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಬೇಕಾಗಿಯೂ ಇರಲಿಲ್ಲ.

ನನ್ನನ್ನು ಬಹಳ ಕಾಡುವುದು ಇದರ ಮುಂದಿನ ಭಾಗ. ಎಕ್ಸೆಪ್ಶನ್ ಬಂದರೆ ಯಂತ್ರ ತನ್ನನ್ನೇ ನಿಲ್ಲಿಸಿಕೊಳ್ಳಬೇಕು, ಜೊತೆಯಲ್ಲಿರುವ ಇನ್ನೊಂದು ಯಂತ್ರ ನೋಡಿಕೊಳ್ಳುತ್ತದೆ ಅಂತ ನಿಯಮ ಮಾಡಿದ್ದರು. ಯಂತ್ರದ ಭಾಗ ಕೆಟ್ಟಾಗ ಆ ಮದ್ದು ಸರಿ, ಎರಡೂ ಒಟ್ಟಿಗೆ ಕೆಡುವುದು ಅಪರೂಪ. ಇಲ್ಲಿ ಕೆಟ್ಟದ್ದು ಪ್ರೋಗ್ರಾಂ, ಎರಡರಲ್ಲೂ ಅದೇ ಪ್ರೋಗ್ರಾಂ. ಆ ಇನ್ನೊಂದು ಯಂತ್ರ 72 ಮಿಲಿಸೆಕೆಂಡ್ ಮೊದಲೇ ಅದೇ ಕಾರಣಕ್ಕೆ ನಿಂತಾಗಿತ್ತು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಬೇರುಹುಳಕ್ಕೆ ಹೊಡೆದರೆ ಹೇಗೋ ಹಾಗೆ. ನಿಂತ ಯಂತ್ರ ಕೊನೆಗೆ ಕಳಿಸಿದ ದೋಷದ ವಿವರವನ್ನು ಮುಖ್ಯ ಕಂಪ್ಯೂಟರ್ ನಿಜವಾದ ಹಾರಾಟದ ಲೆಕ್ಕ ಅಂತ ನಂಬಿ ರಾಕೆಟ್ಟನ್ನು ತಿರುಗಿಸಿತು.

ನಿಮ್ಮ ಮಗಳು ರಾತ್ರಿ ಎದ್ದು ನೋಡುವುದು ಬಂದ ಎರರ್‌ಗೆ ಸರಿಯಾದ ಮದ್ದು ಬಿದ್ದಿದೆಯಾ ಅಂತಲೇ. ಬೆಳಿಗ್ಗೆ ಸ್ವಲ್ಪ ಹೊತ್ತು ಮಲಗಲು ಬಿಡಿ.

ಪ್ರಶ್ನೆ: ಅಕ್ಕಾ, ನಮ್ಮ ಮನೆಯಲ್ಲಿ ಮಳೆಮಾಪಕ ಇದೆ. ಅಜ್ಜ ದಿನಾ ಡೈರಿಯಲ್ಲಿ ಬರೆದಿಟ್ಟ ಮಳೆ ಲೆಕ್ಕವನ್ನೆಲ್ಲ ನಾನು ಪೈಥಾನ್ ಪ್ರೋಗ್ರಾಂ ಮಾಡಿ ಫೈಲ್‌ಗೆ ಹಾಕುತ್ತಿದ್ದೆ. ಸೇವ್ ಮಾಡುವಾಗ ಸರಿಯಾಗಿ ಕರೆಂಟ್ ಹೋಯಿತು. ಬಂದಮೇಲೆ ನೋಡಿದರೆ ಫೈಲ್ ಖಾಲಿ. ವಿತ್ ಹಾಕಿದ್ದೆ, ಫೈನಲಿಯೂ ಇತ್ತು. ಯಾಕೆ ಕೆಲಸ ಮಾಡಲಿಲ್ಲ?
(ಎರಡನೇ ಪಿಯು ವಿದ್ಯಾರ್ಥಿ, ತೀರ್ಥಹಳ್ಳಿ ಹತ್ತಿರ)

ಉತ್ತರ: ಪತ್ರ ಓದಿ ಹೊಟ್ಟೆ ಚುರುಕ್ ಅಂತು ತಮ್ಮಾ. ಡೈರಿ ಇನ್ನೂ ಇದೆ ಅಂದುಕೊಂಡಿದ್ದೇನೆ. ಅದನ್ನು ಒಣಗಿದ ಜಾಗದಲ್ಲಿ ಇಡು, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಫೈನಲಿ ಕೂಡ ಪ್ರೋಗ್ರಾಂನ ಒಂದು ಭಾಗವೇ ಅಲ್ವಾ? ಅದು ನಡೆಯಬೇಕಾದರೆ ಪ್ರೋಗ್ರಾಂ ಬದುಕಿರಬೇಕು. ಕರೆಂಟ್ ಹೋದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬಲವಂತವಾಗಿ ಕೊಂದರೆ, ಫೈನಲಿಗೆ ಅವಕಾಶವೇ ಇಲ್ಲ. ಕೊಂದಾಗ ತೆರೆದ ಫೈಲುಗಳನ್ನು ಆಪರೇಟಿಂಗ್ ಸಿಸ್ಟಮ್ ಮುಚ್ಚುತ್ತದೆ, ಆದರೆ ಅರ್ಧ ಬರೆದದ್ದನ್ನು ಪೂರ್ತಿ ಮಾಡಲು ಅದಕ್ಕೂ ಬರುವುದಿಲ್ಲ.

ಫೈಲ್ ಖಾಲಿಯಾದದ್ದು ಯಾಕೆ ಅಂದರೆ, ಬರೆಯಲು ಅಂತ ಹಳೆಯ ಫೈಲನ್ನು ತೆರೆದ ಕೂಡಲೇ ಅದರಲ್ಲಿದ್ದದ್ದು ಅಳಿದುಹೋಗುತ್ತದೆ. ಆಮೇಲೆ ಹೊಸದು ಬರೆಯುತ್ತದೆ. ಆ ನಡುವಿನ ಒಂದು ಕ್ಷಣದಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಿನ್ನ ಕರೆಂಟ್ ಹೋದದ್ದು ಆಗ.

ಹಾಗಾಗಿ ಹಳೆಯ ಫೈಲನ್ನು ಮುಟ್ಟಬೇಡ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ಹೊಸ ಫೈಲ್ ತೆರೆದು ಎಲ್ಲವನ್ನೂ ಅಲ್ಲಿ ಬರೆ. ಬರೆದಾದ ಮೇಲೆ ಫ್ಲಶ್ ಮಾಡು, ಆಮೇಲೆ ಓಎಸ್ ಮಾಡ್ಯೂಲ್‌ನ ಎಫ್‌ಸಿಂಕ್ ಕರೆ, ಆಗ ಮೆಮೊರಿಯಲ್ಲಿ ಕೂತದ್ದು ಡಿಸ್ಕ್‌ಗೆ ಇಳಿಯುತ್ತದೆ. ಫೈಲ್ ಮುಚ್ಚು. ಕೊನೆಗೆ ಅದೇ ಮಾಡ್ಯೂಲ್‌ನ ರಿಪ್ಲೇಸ್ ಕರೆದು ಹೊಸ ಫೈಲಿಗೆ ಹಳೆಯ ಹೆಸರು ಕೊಡು. ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ. ಕರೆಂಟ್ ಅದಕ್ಕಿಂತ ಮುಂಚೆ ಹೋದರೆ ನಿನ್ನೆಯವರೆಗಿನ ಲೆಕ್ಕ ಪೂರ್ತಿ ಇರುತ್ತದೆ, ಆಮೇಲೆ ಹೋದರೆ ಇವತ್ತಿನದೂ ಇರುತ್ತದೆ. ಅರ್ಧಂಬರ್ಧ ಬಿದ್ದಿರುವ ಹೊಸ ಫೈಲ್ ಸಿಕ್ಕರೆ ಪ್ರೋಗ್ರಾಂ ಶುರುವಾಗುವಾಗ ಅಳಿಸಿಬಿಡು. ಅಂದರೆ ಹೀಗೆ ಸತ್ತ ಪ್ರೋಗ್ರಾಂನ ಕಸವನ್ನು ಅದರ ಮುಂದಿನ ಓಟ ಬಂದು ಗುಡಿಸಬೇಕು.

ಲೆಕ್ಕ ದೊಡ್ಡದಾದರೆ ಎಸ್‌ಕ್ಯೂಲೈಟ್ ಬಳಸು, ಪೈಥಾನ್ ಜೊತೆಗೇ ಬರುತ್ತದೆ. ಬದಲಿಸುವ ಮುಂಚೆ ಹಳೆಯದನ್ನು ಒಂದು ಜರ್ನಲ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ನಡುವೆ ನಿಂತರೆ ಮುಂದಿನ ಸಲ ತೆರೆದಾಗ ಅದನ್ನು ನೋಡಿ ಹಿಂದಿನ ಸ್ಥಿತಿಗೆ ತರುತ್ತದೆ.

ಮತ್ತೆ ಟೈಪ್ ಮಾಡುವ ಮುಂಚೆ ಪರೀಕ್ಷೆ ಮಾಡು. ಅದಕ್ಕೆ ಪ್ಲಗ್ ಕೀಳಬೇಡ, ಕಂಪ್ಯೂಟರ್ ಕೆಟ್ಟೀತು. ಓಎಸ್ ಮಾಡ್ಯೂಲ್‌ನಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಒಂದಿದೆ, ಅದು ಫೈನಲಿಯನ್ನೂ ನಡೆಸದೆ ಪ್ರೋಗ್ರಾಂ ಅನ್ನು ಅಲ್ಲೇ ಮುಗಿಸುತ್ತದೆ. ಹತ್ತು ದಿನದ ಮಳೆ ಇರುವ ಒಂದು ಚಿಕ್ಕ ಫೈಲ್ ಮಾಡಿಕೊಂಡು, ಹನ್ನೊಂದನೆಯ ದಿನ ಸೇರಿಸಿ ಬರೆಯುವ ನಡುವೆ ಒಮ್ಮೆ ಆ ಎಕ್ಸಿಟ್ ಕರೆ, ರಿಪ್ಲೇಸ್ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಮೂರು ಸಲವೂ ಹಳೆಯ ಹೆಸರಿನ ಫೈಲ್ ತೆರೆದು ಎಣಿಸು. ಹತ್ತೋ ಹನ್ನೊಂದೋ ದಿನ ಇರಬೇಕು, ಕಡಿಮೆ ಇರಬಾರದು. ಸರಿ ಬಂದರೆ ಡೈರಿ ಬಿಚ್ಚು. ಈ ಸಲ ಅಜ್ಜ ಓದಿ ಹೇಳಲಿ, ನೀನು ಟೈಪ್ ಮಾಡು, ಬೇಗ ಮುಗಿಯುತ್ತದೆ.